ಮರದ ಆಟಿಕೆ ಕಾರು: ಚಕ್ರ ಕಡ್ಡಿಗೆ ಬಿಗಿ, ಹುಡುಗಿಗೆ ಅವಸರ

ಪ್ರಶ್ನೆ: ಲೆಕ್ಕದ ಅತ್ತೆ

ಅಣ್ಣನ ಮಗಳಿಗೆ ಆರು ವರ್ಷ. ರಜೆಗೆ ನನ್ನ ಮನೆಗೆ ಬರುವಾಗ, ಯಾರೋ ಉಡುಗೊರೆ ಕೊಟ್ಟಿದ್ದ ಮರದ ಕಾರಿನ ಕಿಟ್ಟನ್ನು ಬಟ್ಟೆಗಳ ಮಧ್ಯೆ ತುರುಕಿಕೊಂಡು ಬಂದಿದ್ದಾಳೆ. ಅಪ್ಪನಿಗೆ ಪುರುಸೊತ್ತಿಲ್ಲ, ಅತ್ತೆ ಮಾಡಿಸುತ್ತಾಳೆ ಎಂದು ತಾನೇ ತೀರ್ಮಾನಿಸಿಬಿಟ್ಟಿದ್ದಾಳೆ. ನನ್ನದು ಲೆಕ್ಕಪತ್ರ ನೋಡುವ ಕೆಲಸ. ಸುತ್ತಿಗೆ ಹಿಡಿಯುವುದು ಕ್ಯಾಲೆಂಡರಿಗೆ ಮೊಳೆ ಹೊಡೆಯಬೇಕಾದಾಗ ಮಾತ್ರ.

ಪೆಟ್ಟಿಗೆಯಲ್ಲಿ ಇರುವುದನ್ನು ಅಭ್ಯಾಸಬಲದಿಂದ ಪಟ್ಟಿ ಮಾಡಿದ್ದೇನೆ. ಕಾರಿನ ಆಕಾರಕ್ಕೆ ಕತ್ತರಿಸಿದ ಅಂಗೈಯುದ್ದದ ಮರದ ತುಂಡು, ಅದರಲ್ಲಿ ಅಡ್ಡಕ್ಕೆ ಕೊರೆದ ಎರಡು ತೂತು. ದುಂಡನೆಯ ಮರದ ಕಡ್ಡಿ ಎರಡು. ಚಕ್ರ ನಾಲ್ಕು, ಅಡ್ಡಳತೆ 3 ಸೆಂಟಿಮೀಟರ್. ಒಂದು ತುಂಡು ಮರಳುಕಾಗದ, ಅಂಟಿನ ಒಂದು ಪುಟ್ಟ ಟ್ಯೂಬ್. ಸೂಚನಾ ಪತ್ರದಲ್ಲಿ ಒಂದಕ್ಷರವೂ ಇಲ್ಲ, ಬರೀ ಬಾಣದ ಗುರುತುಗಳು.

ಅಂಟು ಹಾಕದೆ ಒಮ್ಮೆ ಜೋಡಿಸಿ ನೋಡೋಣವೆಂದು ಕುಳಿತೆವು. ಕಡ್ಡಿ ಕಾರಿನ ತೂತಿನಲ್ಲಿ ಸಲೀಸಾಗಿ ತಿರುಗುತ್ತದೆ. ಚಕ್ರದೊಳಗೆ ಮಾತ್ರ ಹೋಗಲು ಒಲ್ಲದು. ಮೂರು ಚಕ್ರ ಅಷ್ಟು ಬಿಗಿ. ನಾಲ್ಕನೆಯದು ತದ್ವಿರುದ್ಧ, ಕಡ್ಡಿಯಿಂದ ತಾನಾಗಿ ಜಾರಿ ಬೀಳುತ್ತದೆ. ತಿರುಗಬೇಕಾದದ್ದು ಚಕ್ರವಲ್ಲವೇ? ಹಾಗಾದರೆ ಬಿಗಿಯಾಗಿರುವ ಮೂರರ ತೂತನ್ನು ದೊಡ್ಡದು ಮಾಡಬೇಕೇ?

ಎರಡನೆಯ ತೊಂದರೆ ಮರದ್ದಲ್ಲ, ಹುಡುಗಿಯದು. ಮರಳುಕಾಗದ ಕೈಗೆ ಕೊಟ್ಟರೆ ನಾಲ್ಕು ಸಲ ಉಜ್ಜಿ "ಮುಗಿಯಿತು" ಎನ್ನುತ್ತಾಳೆ. ಅವಳ ಕಣ್ಣೆಲ್ಲ ಬಣ್ಣದ ಮೇಲೆ. ಇದರ ಜೊತೆಗೆ ಹೊಸ ಬೇಡಿಕೆ: ಕಾರಿಗೆ ಐದನೆಯ ಚಕ್ರ ಬೇಕಂತೆ. ಅಪ್ಪನ ಕಾರಿನ ಡಿಕ್ಕಿಯಲ್ಲಿ ಇದೆಯಲ್ಲ, ಇದಕ್ಕೇಕೆ ಇಲ್ಲ ಎಂಬ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಮನೆಯಲ್ಲಿ ಅವಳ ತಮ್ಮನಿದ್ದಾನೆ, ಎರಡು ವರ್ಷದವನು, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಬಣ್ಣ ಯಾವುದು ಹಚ್ಚಬಹುದು? ಈ ಕೆಲಸದಲ್ಲಿ ಅವಳದೆಷ್ಟು, ನನ್ನದೆಷ್ಟು?


ಉತ್ತರ: ಎರಡು ಮಕ್ಕಳ ಅಪ್ಪ

ಸುಲಭದ ದಾರಿ ಹೇಳುತ್ತೇನೆ. ಚಕ್ರದ ತೂತನ್ನು ದುಂಡನೆಯ ಅರದಿಂದ ಸ್ವಲ್ಪ ಉಜ್ಜಿ ಅಗಲ ಮಾಡಿ, ಕಡ್ಡಿಯನ್ನು ಕಾರಿಗೆ ಅಂಟಿಸಿಬಿಡಿ. ಆರು ವರ್ಷದ ಮಗುವಿನಿಂದ ಉಜ್ಜುವುದು, ಅಂಟಿಸುವುದು ಎಲ್ಲ ಆಗುವ ಮಾತಲ್ಲ. ನಾನು ರಾತ್ರಿ ಮಕ್ಕಳು ಮಲಗಿದ ಮೇಲೆ ಎಲ್ಲವನ್ನೂ ಮುಗಿಸಿಟ್ಟು, ಬೆಳಿಗ್ಗೆ ಬಣ್ಣ ಮಾತ್ರ ಅವರಿಂದ ಬಳಿಸಿದೆ. ಗಲಾಟೆಯಿಲ್ಲ, ಕಾರೂ ಚೆನ್ನಾಗಿ ಬಂತು.


ಉತ್ತರ: ಬೈರಿಗೆ

ಅತ್ತೆಯವರೇ, ತೂತು ದೊಡ್ಡದು ಮಾಡಬೇಡಿ. ಅರ ಇದ್ದರೆ ಪೆಟ್ಟಿಗೆಗೆ ಸೇರಿಸಿ.

ನಾನು ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ಕಿಟ್ಟುಗಳ ಬಗ್ಗೆ ನನಗೆ ಅಂಥ ಪ್ರೀತಿಯೇನೂ ಇಲ್ಲ, ಆದರೆ ನಿಮ್ಮದು ಸರಿಯಾಗಿಯೇ ಇದೆ. ಆಟಿಕೆ ಕಾರುಗಳಲ್ಲಿ ಎರಡು ಜಾತಿ. ಒಂದರಲ್ಲಿ ಅಚ್ಚು ಅಲುಗದೆ ನಿಂತಿರುತ್ತದೆ, ಚಕ್ರ ಅದರ ಮೇಲೆ ತಿರುಗುತ್ತದೆ. ಅಂಥದ್ದರಲ್ಲಿ ಚಕ್ರ ಕಳಚಿಕೊಳ್ಳದಂತೆ ಕಡ್ಡಿಯ ತುದಿಗೆ ದಪ್ಪ ತಲೆಯೋ ಕಡಾಣಿಯೋ ಇರಲೇಬೇಕು. ಇನ್ನೊಂದರಲ್ಲಿ ಎರಡು ಚಕ್ರವೂ ಅಚ್ಚಿಗೆ ಭದ್ರವಾಗಿ ಕಚ್ಚಿಕೊಂಡು, ಅಚ್ಚೂ ಚಕ್ರಗಳೂ ಒಂದಾಗಿ ಕಾರಿನ ತೂತಿನೊಳಗೆ ತಿರುಗುತ್ತವೆ. ರೈಲಿನ ಚಕ್ರಗಳು ಇರುವುದು ಹೀಗೆಯೇ. ನಿಮ್ಮ ಕಡ್ಡಿಗೆ ತಲೆ ಇಲ್ಲ, ಕಾರಿನ ತೂತು ಸಡಿಲ, ಚಕ್ರದ ತೂತು ಬಿಗಿ. ಎರಡನೆಯ ಜಾತಿ ಎನ್ನಲು ಇಷ್ಟು ಸಾಕು. ತೂತು ಅಗಲಿಸಿದರೆ ಚಕ್ರವನ್ನು ಹಿಡಿದಿಡುವುದಕ್ಕೆ ಏನೂ ಉಳಿಯುವುದಿಲ್ಲ.

ಈ ಜಾತಿಗೆ ಒಂದು ಗುಣವಿದೆ, ಹುಡುಗಿಗೆ ತೋರಿಸಿ. ಎರಡು ಚಕ್ರವೂ ಒಂದೇ ವೇಗದಲ್ಲಿ ತಿರುಗಲೇಬೇಕಾದ್ದರಿಂದ ಕಾರು ನೇರ ಓಡಲು ಇಷ್ಟಪಡುತ್ತದೆ. ಕೈಯಲ್ಲಿ ಒತ್ತಿ ಹಿಡಿದು ತಿರುವು ಹೊಡೆಸಿದರೆ ಒಂದು ಚಕ್ರ ನೆಲಕ್ಕೆ ಕರಕರ ಉಜ್ಜುತ್ತದೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಕ್ರಮಿಸಬೇಕು, ಪಾಪ, ಅದಕ್ಕೆ ಆಗುವುದಿಲ್ಲ. ದೊಡ್ಡ ಕಾರುಗಳಲ್ಲಿ ಇದಕ್ಕಾಗಿಯೇ ಡಿಫರೆನ್ಷಿಯಲ್ ಎಂಬ ಗಿಯರುಗಳ ಜೋಡಣೆ ಇದೆ. ಆರು ವರ್ಷದವರಿಗೆ ಆ ಹೆಸರು ಬೇಡ, ಕರಕರ ಸದ್ದು ಸಾಕು.

ಈಗ ಬಿಗಿ ಚಕ್ರದ ವಿಷಯ. ಕಡ್ಡಿಯ ತುದಿಯನ್ನು ಮರಳುಕಾಗದದ ಮೇಲೆ ಓರೆಯಾಗಿ ಹಿಡಿದು, ಬೆರಳುಗಳ ನಡುವೆ ಹೊಸೆಯುತ್ತಾ ಸುತ್ತಲೂ ಅಂಚು ಮುರಿಯಿರಿ. ಪೆನ್ಸಿಲ್ ತುದಿಯಷ್ಟು ಚೂಪು ಬೇಡ, ಅಂಚು ಹೋದರೆ ಸಾಕು. ಆಮೇಲೆ ಅದು ತೂತಿಗೆ ದಾರಿ ಹುಡುಕಿಕೊಳ್ಳುತ್ತದೆ. ಇನ್ನೂ ಹೋಗದಿದ್ದರೆ ತುದಿಯ ಒಂದು ಸೆಂಟಿಮೀಟರಿನಷ್ಟನ್ನು ಸುತ್ತಲೂ ಸ್ವಲ್ಪ ಉಜ್ಜಿ. ಬಲವಂತ ಮಾಡಿದರೆ ಚಕ್ರ ಮರದ ಎಳೆಗುಂಟ ಸೀಳುತ್ತದೆ. ಜಾರುವ ಚಕ್ರಕ್ಕೆ ತೆಳು ಕಾಗದದ ಪಟ್ಟಿಯೊಂದನ್ನು ಅಂಟಿನಲ್ಲಿ ಅದ್ದಿ ಕಡ್ಡಿಯ ತುದಿಗೆ ಒಂದು ಸುತ್ತು ಸುತ್ತಿ ಕೂರಿಸಿ.

ಅಂಟು ಎಲ್ಲಿಗೆ ಹಚ್ಚಬೇಕೆಂಬುದರಲ್ಲೇ ಅರ್ಧ ಕೆಲಸವಿದೆ. ಕಡ್ಡಿಗೆ ಹಚ್ಚಿದರೆ, ಚಕ್ರವನ್ನು ತಳ್ಳುವಾಗ ಅದು ಅಂಟನ್ನೆಲ್ಲ ಬಳಿದುಕೊಂಡು ಒಳಕ್ಕೆ, ಕಾರಿನ ಕಡೆಗೇ ಒಯ್ಯುತ್ತದೆ. ಬೆಳಗಾಗುವಾಗ ಚಕ್ರ ಕಾರಿಗೆ ಅಂಟಿ ಕುಳಿತಿರುತ್ತದೆ. ಚಕ್ರದ ತೂತಿನೊಳಗೆ ಕಡ್ಡಿಚೂರಿನಿಂದ ಒಂದೇ ತೊಟ್ಟು ಸವರಿ. ಆಗ ಹೆಚ್ಚಾದದ್ದು ಹೊರಮುಖಕ್ಕೆ ಉಕ್ಕುತ್ತದೆ, ಒದ್ದೆ ಬಟ್ಟೆಯಿಂದ ಆಗಲೇ ಒರಸಬಹುದು. ಒರಸದೆ ಬಿಟ್ಟರೆ ಒಣಗಿದ ಅಂಟಿನ ಮೇಲೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ.

ಅಂಟಿಗೆ ಮೊದಲು ಕಡ್ಡಿಯ ನಡುಭಾಗಕ್ಕೆ ಮೇಣದಬತ್ತಿ ತಿಕ್ಕಿ. ತುದಿಗಳಿಗೆ ಮೇಣ ತಾಗಬಾರದು, ತಾಗಿದರೆ ಅಂಟು ಹಿಡಿಯುವುದಿಲ್ಲ. ಒಂದು ಚಕ್ರ ಕೂರಿಸಿ, ಕಡ್ಡಿಯನ್ನು ಕಾರಿನಲ್ಲಿ ತೂರಿಸಿ, ಎರಡನೆಯ ಚಕ್ರ ಕೂರಿಸುವಾಗ ಚಕ್ರಕ್ಕೂ ಕಾರಿಗೂ ನಡುವೆ ಒಂದು ದಪ್ಪ ರಟ್ಟಿನ ತುಂಡು ಇಡಿ. ಚಕ್ರ ರಟ್ಟಿಗೆ ತಾಗುವವರೆಗೆ ತಳ್ಳಿ, ರಟ್ಟನ್ನು ಎಳೆದುಬಿಡಿ. ಅಷ್ಟು ಸಂದು ಬೇಕೇ ಬೇಕು. ಮರ ತೇವ ಕುಡಿದು ಅಡ್ಡಕ್ಕೆ ಹಿಗ್ಗುವ ವಸ್ತು, ಒಣ ಹವೆಯಲ್ಲಿ ಸಲೀಸಾಗಿ ತಿರುಗಿದ ಅಚ್ಚು ಮಳೆಯ ದಿನಗಳಲ್ಲಿ ಮುನಿಸಿಕೊಳ್ಳುತ್ತದೆ. ಬಣ್ಣವೂ ಕಾರಿನ ತೂತಿನೊಳಗೆ ಇಳಿಯಬಾರದು.

ಇನ್ನು ಹುಡುಗಿ. ಅವಳಿಗೆ ತಾಳ್ಮೆ ಇಲ್ಲ ಎಂದಿರಿ. ಕೆಲಸ ಎಲ್ಲಿ ಮುಗಿಯುತ್ತದೆಂದು ತಿಳಿಯದಿದ್ದರೆ ನಿಮಗೂ ನನಗೂ ತಾಳ್ಮೆ ಇರುವುದಿಲ್ಲ. "ನುಣುಪಾಗುವವರೆಗೆ ಉಜ್ಜು" ಎಂದರೆ ಮಗುವಿಗೆ ಏನು ಅರ್ಥವಾಗಬೇಕು? ಕಾರಿನ ಮೈಮೇಲೆಲ್ಲ ಪೆನ್ಸಿಲಿನಿಂದ ಗೀಚಲು ಹೇಳಿ. ಇದನ್ನು ಯಾವ ಮಗುವೂ ಬೇಡವೆನ್ನುವುದಿಲ್ಲ. ಮರಳುಕಾಗದವನ್ನು ಸಣ್ಣ ಮರದ ತುಂಡಿಗೆ ಸುತ್ತಿ ಕೊಡಿ, ಗೀಟುಗಳೆಲ್ಲ ಮಾಯವಾದರೆ ಆ ಪಕ್ಕ ಮುಗಿದಂತೆ. ತಗ್ಗಿದ್ದ ಕಡೆ ಗೀಟು ಉಳಿದುಕೊಳ್ಳುತ್ತದೆ, ಅಲ್ಲಿಗೆ ಅವಳೇ ಮರಳುತ್ತಾಳೆ. ಕಾಗದದ ಹಿಂದಿನ ಸಂಖ್ಯೆ ಹೆಚ್ಚಿದಷ್ಟೂ ನುಣುಪು. 120ರಿಂದ ಶುರುಮಾಡಿ 220ಕ್ಕೆ ಮುಗಿಸಿ. ಎಳೆ ಓಡಿದ ದಿಕ್ಕಿನಲ್ಲೇ ಉಜ್ಜಬೇಕು, ಅಡ್ಡಕ್ಕೆ ಉಜ್ಜಿದ ಗೆರೆಗಳು ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತವೆ. ಕೊನೆಗೆ ಹತ್ತಿಯ ಉಂಡೆಯಿಂದ ಇಡೀ ಕಾರನ್ನು ಸವರಲಿ. ಹತ್ತಿ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಸಿಬಿರಿದೆ. ಈ ಪತ್ತೇದಾರಿಕೆ ನನ್ನ ತರಗತಿಯಲ್ಲಿ ಎಷ್ಟು ಜನಪ್ರಿಯವಾಗಿತ್ತೆಂದರೆ ಹುಡುಗರು ಬೆಂಚುಗಳನ್ನೂ ಬಿಡುತ್ತಿರಲಿಲ್ಲ.

ಯಾರ ಕೆಲಸ ಎಷ್ಟು ಎಂದು ಕೇಳಿದಿರಿ. ಅಂಚು ಮುರಿಯುವುದು, ಉಜ್ಜುವುದು, ಮೇಣ ತಿಕ್ಕುವುದು, ಅಂಟಿನ ತೊಟ್ಟು, ರಟ್ಟು ಎಳೆಯುವುದು, ಎಲ್ಲ ಅವಳದು. ಚಕ್ರವನ್ನು ಕೂರಿಸಲು ಹೊಡೆಯಬೇಕಾದರೆ ಮೇಲೆ ಮರದ ತುಂಡಿಟ್ಟು ನೀವು ಹಿಡಿದುಕೊಳ್ಳಿ, ಕೊಡತಿಯಿಂದ ಅವಳು ಹೊಡೆಯಲಿ. ಹೊಡೆತ ನಿಮ್ಮ ಬೆರಳಿಗೂ ಬೀಳಬಹುದು, ಅದು ಹಿರಿಯರ ಪಾಲು. ಸ್ವೀಡನ್ನಿನ ನೇಸ್ ಎಂಬಲ್ಲಿ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಆಟೊ ಸಾಲೊಮನ್ ಎಂಬುವರು ಕೈಗೆಲಸದ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದರು. ಸುಲಭದಿಂದ ಕಷ್ಟಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಮಾದರಿಗಳು ಅವರ ಪದ್ಧತಿಯ ತಿರುಳು. ಮೆಟ್ಟಿಲು ಚಿಕ್ಕದಿದ್ದರೆ ಮಗುವೇ ಹತ್ತುತ್ತದೆ, ಎತ್ತಿಕೊಳ್ಳುವ ಅಗತ್ಯ ಬೀಳುವುದಿಲ್ಲ. ನೀವು ಮಾಡಬೇಕಾದ ಕಷ್ಟದ ಕೆಲಸ ಒಂದೇ, ಅವಳು ಓರೆಯಾಗಿ ಉಜ್ಜುವಾಗ ಕೈ ಕಟ್ಟಿಕೊಂಡು ಕೂರುವುದು.

ಎರಡು ಮಕ್ಕಳ ಅಪ್ಪನವರಿಗೆ: ಕಾರು ಚೆನ್ನಾಗಿ ಬಂದಿರಬಹುದು, ಸ್ವಾಮಿ. ಅದು ನಿಮ್ಮ ಕಾರು.

ಐದನೆಯ ಚಕ್ರಕ್ಕೆ: ಮರದ ಹಳೆಯ ಗುಂಡಿಯೋ, ದಪ್ಪ ಕಡ್ಡಿಯ ಒಂದು ಬಿಲ್ಲೆಯೋ ಸಿಕ್ಕರೆ ಹಿಂಬದಿಗೆ ಅಂಟಿಸಿ. ವಾದದಲ್ಲಿ ಅವಳೇ ಗೆದ್ದಿದ್ದಾಳೆ.


ಉತ್ತರ: ಕುಂಚ

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ನಾನು. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಸಾಕು, ತೆಳುವಾಗಿ ಎರಡು ಸಲ. ಡಬ್ಬಿಯ ಮೇಲೆ "ವಿಷರಹಿತ" ಎಂದು ದೊಡ್ಡದಾಗಿ ಬರೆದಿದ್ದರೆ ಅಷ್ಟಕ್ಕೇ ನಂಬಬೇಡಿ. ಇಎನ್ 71-3 ಎಂಬ ಗುರುತನ್ನು ಹುಡುಕಿ. ಅದು ಆಟಿಕೆಗಳಿಂದ ಸೀಸ, ಕ್ಯಾಡ್ಮಿಯಂ ಮೊದಲಾದ ಧಾತುಗಳು ಎಷ್ಟು ಹೊರಬರಬಹುದು ಎಂಬುದಕ್ಕೆ ಮಿತಿ ಹಾಕುವ ಯುರೋಪಿನ ಮಾನದಂಡ. ಅಟ್ಟದ ಮೇಲೆ ಉಳಿದಿರುವ ಹಳೆಯ ಬಾಗಿಲು ಕಿಟಕಿಯ ಬಣ್ಣವನ್ನಂತೂ ಮುಟ್ಟಬೇಡಿ, ಅದರಲ್ಲಿ ಸೀಸ ಇರಬಹುದು.

ಬಣ್ಣಕ್ಕೆ ಮೊದಲು ಕಾರನ್ನು ಒದ್ದೆ ಬಟ್ಟೆಯಿಂದ ಒಮ್ಮೆ ಒರಸಿ ಒಣಗಲು ಬಿಡಿ. ಮರದ ಎಳೆಗಳು ನೀರು ತಾಗಿ ಎದ್ದು ನಿಲ್ಲುತ್ತವೆ, 220ರ ಕಾಗದದಿಂದ ಹಗುರವಾಗಿ ಸವರಿದರೆ ಹೋಗುತ್ತವೆ. ಈ ಹಂತ ಬಿಟ್ಟರೆ ಮೊದಲ ಬಣ್ಣ ಒಣಗಿದಾಗ ಕಾರಿನ ಮೈ ಮತ್ತೆ ಒರಟಾಗಿರುತ್ತದೆ, ಉಜ್ಜಿದವಳಿಗೆ ಸಿಟ್ಟು ಬರುವುದು ನ್ಯಾಯವೇ.

ಬಣ್ಣದ ಬದಲು ಅಗಸೆ ಎಣ್ಣೆ ಹಚ್ಚುವವರೂ ಇದ್ದಾರೆ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಗಾಳಿಯ ಆಮ್ಲಜನಕದೊಡನೆ ಕೂಡಿ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಸೇರಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.

ತಮ್ಮನ ವಿಷಯದಲ್ಲಿ ನನಗೆ ಚಿಂತೆ ಬಣ್ಣದ್ದಲ್ಲ, ಚಕ್ರದ್ದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗಳನ್ನು ಪರೀಕ್ಷಿಸಲು 31.7 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಕಳಚಿದ ಭಾಗ ಅದರೊಳಗೆ ಪೂರ್ತಿ ಇಳಿದರೆ ಗಂಟಲಿಗೂ ಇಳಿದೀತು ಎಂದು ಲೆಕ್ಕ. ನಿಮ್ಮ ಚಕ್ರ 30 ಮಿಲಿಮೀಟರ್. ಬೈರಿಗೆಯವರು ಹೇಳಿದ ಗುಂಡಿ ಇನ್ನೂ ಚಿಕ್ಕದು. ಎರಡು ವರ್ಷದವನ ಕೈಗೆ ಈ ಕಾರು ಬೇಡ, ಅಕ್ಕನ ಕಪಾಟಿನ ಮೇಲಿನ ಅರೆಯಲ್ಲಿ ಇರಲಿ.


ಉತ್ತರ: ಇಳಿಜಾರು

ಕಾರು ಸಿದ್ಧವಾದ ಮೇಲೆ ಹಲಗೆಯೊಂದನ್ನು ಓರೆಯಾಗಿಟ್ಟು ಓಡಿಸದಿದ್ದರೆ ಏನು ಪ್ರಯೋಜನ! ಅಮೆರಿಕದಲ್ಲಿ ಪೈನ್‌ವುಡ್ ಡರ್ಬಿ ಎಂಬ ಪಂದ್ಯವೇ ಇದೆ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚಿನಲ್ಲಿ 1953ರಲ್ಲಿ ಡಾನ್ ಮರ್ಫಿ ಎಂಬ ಕಬ್ ಸ್ಕೌಟ್ ನಾಯಕ ಶುರುಮಾಡಿದ್ದು. ಮಕ್ಕಳೇ ಒಳಗೆ ಕೂತು ಇಳಿಜಾರಿನಲ್ಲಿ ಓಡಿಸುವ ಸೋಪ್‌ಬಾಕ್ಸ್ ಪಂದ್ಯಕ್ಕೆ ಅವರ ಮಗನ ವಯಸ್ಸು ಸಾಲದಾಗಿತ್ತು, ಅದಕ್ಕೆ ಅಪ್ಪ ಮಕ್ಕಳು ಸೇರಿ ಕೆತ್ತುವ ಪುಟ್ಟ ಕಾರಿನ ಪಂದ್ಯ. ತೂಕದ ಮಿತಿ 5 ಔನ್ಸ್, ಅಂದರೆ ಸುಮಾರು 142 ಗ್ರಾಂ.

ಅಲ್ಲಿನವರು ತೂಕವನ್ನು ಹಿಂಬದಿಗೆ ಸೇರಿಸುತ್ತಾರೆ. ಇಳಿಜಾರಿನ ಮೇಲೆ ನಿಂತಾಗ ಹಿಂಬದಿ ಎತ್ತರದಲ್ಲಿರುತ್ತದೆ, ತೂಕ ಎಷ್ಟು ಎತ್ತರದಿಂದ ಇಳಿಯುತ್ತದೋ ಅಷ್ಟು ವೇಗ. ನೀವೂ ಕಾರಿನ ಅಡಿಗೆ ಹಿಂದಿನ ಅಚ್ಚಿನ ಹತ್ತಿರ ಕಬ್ಬಿಣದ ಒಂದೆರಡು ನಟ್ಟುಗಳನ್ನು ಅಂಟುಪಟ್ಟಿಯಿಂದ ಕಟ್ಟಿ ನೋಡಿ, ಆಮೇಲೆ ಮುಂದಕ್ಕೆ ಸರಿಸಿ ನೋಡಿ. ಗ್ರಾಫೈಟ್ ಪುಡಿಯೂ ಹಾಕುತ್ತಾರೆ, ಆದರೆ ಅವರ ಅಚ್ಚು ಲೋಹದ ಮೊಳೆ. ಮರದ ಅಚ್ಚಿಗೆ ಮೇಣವೇ ಸಾಕು, ಗ್ರಾಫೈಟಿನಿಂದ ಕೈಯೂ ಗೋಡೆಯೂ ಕಪ್ಪಾಗುತ್ತವೆ.


ಲೆಕ್ಕದ ಅತ್ತೆ

ಎಲ್ಲರಿಗೂ ಧನ್ಯವಾದ. ಪೆನ್ಸಿಲಿನ ಉಪಾಯ ಕೆಲಸ ಮಾಡಿತು, ಸ್ವಲ್ಪ ಅತಿಯಾಗಿಯೇ. ಉಜ್ಜಿ ಮುಗಿದ ಪಕ್ಕಕ್ಕೂ ಮತ್ತೆ ಗೀಚಿ ಮತ್ತೆ ಉಜ್ಜಿದ್ದಾಳೆ, ಕಾರಿನ ಮೂಗು ಸವೆದು ಒಂದು ಕಡೆ ಗಿಡ್ಡವಾಗಿದೆ. ಕೈ ಕಟ್ಟಿಕೊಂಡು ಕೂತೆ. ಕಷ್ಟ ಎಂದು ಹೇಳಿದ್ದೀರಿ, ಇಷ್ಟು ಕಷ್ಟ ಎಂದು ಹೇಳಿರಲಿಲ್ಲ.

ರಟ್ಟನ್ನು ಎಳೆದ ತಕ್ಷಣ ಚಕ್ರ ತಿರುಗಿದ್ದನ್ನು ಕಂಡು ಅವಳು ನಾಲ್ಕೂ ಚಕ್ರಕ್ಕೆ ರಟ್ಟು ಇಡಬೇಕೆಂದಳು. ಮೊದಲು ಕೂರಿಸಿದ ಚಕ್ರಕ್ಕೂ ಸಂದು ಅದೇ ರಟ್ಟಿನಿಂದ ಸಿಕ್ಕಿದೆ ಎಂದು ಅಚ್ಚನ್ನು ಆಚೀಚೆ ಸರಿಸಿ ತೋರಿಸಿದ ಮೇಲೆ ಒಪ್ಪಿದಳು. ಬಣ್ಣ ನೇರಳೆ. ಐದನೆಯ ಚಕ್ರ ಚಾವಣಿಯ ಮೇಲೆ ಏರಿದೆ, ಅಲ್ಲಿದ್ದರೆ ಬೇಗ ಸಿಗುತ್ತದಂತೆ. ಕಪಾಟಿನ ವ್ಯವಸ್ಥೆಗೆ ಅವಳ ಒಪ್ಪಿಗೆ ಇದೆ. ತಮ್ಮನಿಂದ ಕಾಪಾಡಬೇಕಾದದ್ದು ಕಾರನ್ನು ಎಂಬುದು ಅವಳ ತಿಳಿವಳಿಕೆ.

ಈಗ ಉಳಿದದ್ದು: ಹಲಗೆಯ ಮೇಲಿಂದ ಬಿಟ್ಟರೆ ಕಾರು ಎಡಕ್ಕೆ ಎಳೆಯುತ್ತದೆ. ನೇರ ಓಡಲು ಇಷ್ಟಪಡುವ ಜಾತಿ ಎಂದಿರಿ. ಕಾಗದ ಸುತ್ತಿ ಕೂರಿಸಿದ ಚಕ್ರ ತಿರುಗುವಾಗ ಸ್ವಲ್ಪ ಓಲಾಡುವುದು ಕಾಣುತ್ತದೆ. ಅದರದೇ ತಪ್ಪೇ? ಹುಡುಗಿಗೆ ಇದರಿಂದ ಏನೂ ತೊಂದರೆಯಾಗಿಲ್ಲ, ಕಾರು ಹೋಗಿ ನಿಲ್ಲುವ ಎಡಮೂಲೆಯಲ್ಲೇ ರಟ್ಟಿನ ಗ್ಯಾರೇಜು ಕಟ್ಟಲು ಹೊರಟಿದ್ದಾಳೆ. ಬಾಗಿಲು ತೆರೆದು ಮುಚ್ಚುವಂತಿರಬೇಕಂತೆ.


ಉತ್ತರ: ಬೈರಿಗೆ

ಓಲಾಡುವ ಚಕ್ರದ್ದು ಇರಬಹುದು, ಮೊದಲು ಬೇರೆಯದನ್ನು ನೋಡಿ. ಕಾರನ್ನು ಗಾಜಿನ ಮೇಲೋ ಕನ್ನಡಿಯ ಮೇಲೋ ಇಟ್ಟು ಮೂಲೆಗಳನ್ನು ಒಂದೊಂದಾಗಿ ಒತ್ತಿ. ಕುಂಟಿದರೆ ಒಂದು ಚಕ್ರ ನೆಲ ಮುಟ್ಟುತ್ತಿಲ್ಲ. ಕುಂಟದಿದ್ದರೆ ಎಡಪಕ್ಕದ ಎರಡು ಅಚ್ಚುಗಳ ನಡುವಿನ ಅಂತರವನ್ನೂ ಬಲಪಕ್ಕದ್ದನ್ನೂ ಅಳೆಯಿರಿ, ಅಳತೆ ಪಟ್ಟಿ ನಿಮ್ಮ ಕಡೆಯ ಆಯುಧವೇ ತಾನೇ. ಎಡದ ಅಂತರ ಕಡಿಮೆ ಬಂದರೆ ತೂತುಗಳೇ ಓರೆ, ಕಾರು ಎಡಕ್ಕೇ ಹೋಗುತ್ತದೆ. ಅದನ್ನು ಸರಿಮಾಡಲು ಹೊಸದಾಗಿ ಕೊರೆಯಬೇಕು, ಬೇಡ.

ಎರಡೂ ಸರಿಯಿದ್ದು ಚಕ್ರದ್ದೇ ತಪ್ಪಾದರೆ, ಮರಳುಕಾಗದವನ್ನು ಮೇಜಿಗೆ ಅಂಟಿಸಿ, ಕಾರನ್ನು ಗಟ್ಟಿಯಾಗಿ ಹಿಡಿದು ಆ ಒಂದು ಚಕ್ರವನ್ನು ಮಾತ್ರ ಅದರ ಮೇಲೆ ತಾಗಿಸಿ, ಇನ್ನೊಂದು ಕೈಯಿಂದ ಅಚ್ಚನ್ನು ತಿರುಗಿಸುತ್ತಾ ಹೋಗಿ. ಉಬ್ಬಿದ ಕಡೆ ಸವೆದು ದುಂಡಾಗುತ್ತದೆ. ಇದಕ್ಕೆ ನಾಲ್ಕು ಕೈ ಬೇಕು, ಹಿಡಿಯುವುದು ನೀವು, ತಿರುಗಿಸುವುದು ಅವಳು. ಆದರೆ ಗ್ಯಾರೇಜು ಎಡಕ್ಕೆ ಎದ್ದಾಗಿದ್ದರೆ ಮೊದಲು ಅವಳನ್ನು ಕೇಳಿ.

ಬಾಗಿಲಿಗೆ ಕಬ್ಬಿಣದ ಬಿಜಾಗರಿ ಹುಡುಕಿಕೊಂಡು ಹೋಗಬೇಡಿ, ರಟ್ಟಿನಲ್ಲಿ ಅದರ ಮೊಳೆ ನಿಲ್ಲುವುದಿಲ್ಲ. ಎರಡು ಬೆರಳಗಲದ ಹತ್ತಿ ಬಟ್ಟೆಯ ಪಟ್ಟಿಯನ್ನು ಅರ್ಧ ಬಾಗಿಲಿಗೆ, ಅರ್ಧ ಗೋಡೆಗೆ ಅಂಟಿಸಿ. ಮಡಿಕೆ ಬರುವ ಗೆರೆಯ ಮೇಲೆ ಅಂಟು ತಾಗದಿರಲಿ, ತಾಗಿದರೆ ಬಾಗಿಲು ಸೆಟೆದು ನಿಲ್ಲುತ್ತದೆ. ಚಾವಣಿಯ ಮೇಲಿನ ಐದನೆಯ ಚಕ್ರವೂ ಸೇರಿ ಕಾರಿನ ಎತ್ತರ ಎಷ್ಟಾಗುತ್ತದೆಂದು ಅಳೆದುಕೊಂಡೇ ಬಾಗಿಲು ಕತ್ತರಿಸಿ.